ದೇವರ ಜಗುಲಿಯ ಮೇಲೊಂದು ನೊಣ

ನಮ್ಮ ಮನೆಯ ದೇವರ ಜಗುಲಿಯ ಮೇಲೆ ಒಂದು ನೊಣ ಕೂತಿದೆ. ಕೂತು ವರ್ಷಗಳಾದವು, ಇನ್ನೂ ಎದ್ದಿಲ್ಲ. ಮನೆಗೆ ಹೊಸದಾಗಿ ಬಂದವರು ದೇವರಿಗೆ ಕೈಮುಗಿಯಲು ಹೋಗುತ್ತಾರೆ, ನೊಣ ಕಾಣುತ್ತದೆ, ಮುಗಿಯಲು ಎತ್ತಿದ ಕೈಯನ್ನೇ ಬೀಸಿ ‘ಹುಶ್’ ಅನ್ನುತ್ತಾರೆ. ಅದು ಅಲುಗುವುದಿಲ್ಲ. ಇನ್ನೊಮ್ಮೆ ಬೀಸುತ್ತಾರೆ. ಆಗ ಅಡುಗೆಮನೆಯಿಂದ ಅವ್ವನ ದನಿ ಬರುತ್ತದೆ: “ಅದನ್ನ ಓಡಸಬ್ಯಾಡ್ರೀ, ಅದು ನಮ್ಮದು.”

ಮನೆಯಲ್ಲಿ ನೊಣ ಇರುವುದು ದೊಡ್ಡ ಮಾತಲ್ಲ. ಮಾವಿನಹಣ್ಣಿನ ದಿನಗಳಲ್ಲಿ ಬನಹಟ್ಟಿಯ ಯಾವ ಮನೆಗೆ ಹೋದರೂ ಬೇಕಾದಷ್ಟು ಸಿಗುತ್ತವೆ. ಆದರೆ ‘ನಮ್ಮದು’ ಎಂದು ಹೇಳಿಕೊಳ್ಳುವ ನೊಣ ನಮ್ಮೊಬ್ಬರ ಮನೆಯಲ್ಲೇ ಇರಬೇಕು. ಅದಕ್ಕೆ ಸೀರೆಯ ಸೆರಗಿನಿಂದ ಉಳಿದ ಕೆಂಪು ರೇಷ್ಮೆಯ ಮೈ, ಹುಂಜದ ಕುತ್ತಿಗೆಯ ಕಂದು ಪುಚ್ಚದ ರೆಕ್ಕೆ, ನಡುವಿಗೆ ಎರಡು ಸುತ್ತು ಜರಿ. ಮಾಡಿದವನು ನಾನು. ಮಾಡಿದ್ದು ಮೀನುಗಳನ್ನು ಮರುಳುಮಾಡಲು. ಅದನ್ನು ಜಗುಲಿಗೆ ಏರಿಸಿದವಳು ಅವ್ವ. ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದ ಸಪ್ಪಳ ಕೇಳಿದರೂ ಕಿವಿ ತೊಳೆದುಕೊಳ್ಳುವ ನಮ್ಮ ಅವ್ವ! ಇದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಸುತ್ತಾಡಬೇಕಾಗುತ್ತದೆ. ಸುತ್ತಾಡುವುದು ನನಗೆ ಹೊಸದೇನಲ್ಲ, ನಿಮಗೆ ಅವಸರ ಇಲ್ಲದಿದ್ದರೆ ಸರಿ.

ನಾವು ನೇಕಾರ ಮಂದಿ. ನಮ್ಮ ಓಣಿಗೆ ಭಾನುವಾರ ಎಂಬುದು ಸಾಲೆಗೆ ಹೋಗುವ ಮಕ್ಕಳ ಬಾಯಿಂದ ಕೇಳಿ ಗೊತ್ತು. ರಜೆ ಅಂದರೆ ಅಮಾವಾಸ್ಯೆ. ಅಂದು ಮಗ್ಗ ಮುಟ್ಟುವ ಹಾಗಿಲ್ಲ. ಉಳಿದ ದಿನಗಳಲ್ಲಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಖಟಖಟ ಖಟಖಟ. ನಮ್ಮ ಕಡೆ ತೊಟ್ಟಿಲ ಕೂಸುಗಳು ಸದ್ದಿಗೆ ಎಚ್ಚರಾಗುವುದಿಲ್ಲ. ಕರೆಂಟು ಹೋಗಿ ಪಾವರ್‌ಲೂಮುಗಳು ನಿಂತರೆ ಎಚ್ಚರಾಗಿ ಅಳುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಹಟ ಹಿಡಿದು ಕುಣಿಮಗ್ಗ ಉಳಿಸಿಕೊಂಡಿದ್ದ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವನಿಗೆ ಲೋಕವೇ ಬೇಡ. ಅಂಥವನಿಗೆ ಅಮಾವಾಸ್ಯೆಯ ದಿನ ಕೈಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಎರಡು ಸಲ ಹಿತ್ತಲಿಗೆ ಹೋಗಿ ಬರುತ್ತಿದ್ದ, ಒಮ್ಮೆ ಕೆಮ್ಮುತ್ತಿದ್ದ, ಆಮೇಲೆ ನನ್ನ ಕೈಹಿಡಿದು ಹೊಳೆಯ ಕಡೆ ಹೊರಟುಬಿಡುತ್ತಿದ್ದ.

ಹೋಗಿ ಮಾಡುವುದೇನೂ ಇಲ್ಲ. ನಡೆಯುವುದು. ಯಾರದೋ ಹೊಲದ ಹಸಿ ಕಡಲೆ ಕಿತ್ತು ತಿನ್ನುವುದು. ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಮೀನು ಮೇಲೆ ಬಂದು ಬಾಯಿ ತೆರೆದಾಗ ನೀರಿನಲ್ಲಿ ಬಿಡುವ ಉಂಗುರಗಳನ್ನು ನೋಡುವುದು. ಸಂಜೆ ಮನೆಗೆ ಬಂದರೆ ಅವ್ವ ಕೇಳುತ್ತಿದ್ದಳು, “ಎಲ್ಲಿ ಹೋಗಿದ್ರಿ?” ಅಪ್ಪ ಅನ್ನುತ್ತಿದ್ದ, “ಎಲ್ಲೂ ಇಲ್ಲ.” ಅದು ಖರೆಯೂ ಹೌದು. ದಿನವಿಡೀ ನಡೆದೂ ಎಲ್ಲಿಗೂ ಹೋಗದಿರುವ ಈ ವಿದ್ಯೆಯೊಂದೇ ನನಗೆ ಪಿತ್ರಾರ್ಜಿತವಾಗಿ ಬಂದದ್ದು. ನೇಯ್ಗೆ ಹತ್ತಲಿಲ್ಲ.

ಅವ್ವನ ಕಡೆಯದು ಬೇರೆ ಕತೆ. ಅವಳು ಹೊಲದ ಮನೆಯ ಮಗಳು. ಅನಗವಾಡಿಯ ಹತ್ತಿರ ಅವಳ ತವರು, ಅಲ್ಲೊಂದು ಕರಿಮಣ್ಣಿನ ಹೊಲ. ತವರಿನಿಂದ ಯಾರೇ ಬರಲಿ, ಚಹಾಕ್ಕೆ ನೀರಿಡುವ ಮೊದಲೇ ಅವಳ ಪ್ರಶ್ನೆ ಒಂದೇ: “ಹೊಲದಾಗ ಎಲ್ಲಾರೂ ಅರಾಮ ಅದಾರೇನ?” ಎಲ್ಲಾರೂ ಅಂದರೆ ಮನುಷ್ಯರಲ್ಲ. ಸೋದರಮಾವನಿಗೆ ಇದು ಗೊತ್ತಿತ್ತು. ಹೊಸ್ತಿಲಲ್ಲೇ ನಿಂತು ಒಬ್ಬೊಬ್ಬರ ಕ್ಷೇಮ ಹೇಳುತ್ತಿದ್ದ. “ಬನ್ನಿಗಿಡಾ ಅರಾಮೈತಿ. ಬಾವ್ಯಾಗಿನ ಆಮಿ ಅರಾಮೈತಿ. ಜ್ವಾಳ ಎದಿಮಟ ಬಂದೈತಿ. ಆ ಮುಂಗಸಿ ಮಾತ್ರ ನಾಕ ದಿನಾ ಆತು, ಕಂಡಿಲ್ಲ.” ಮುಂಗುಸಿಯ ಚಿಂತೆಯಲ್ಲಿ ಅವ್ವ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆಯುತ್ತಿದ್ದಳು.

ಆಮೇಲೆ ಆಲಮಟ್ಟಿಯ ಹಿನ್ನೀರು ಏರಿ ಬಂತು. ಹೊಲ ಮುಳುಗಿತು. ಮಾವ ಪುನರ್ವಸತಿ ಕೇಂದ್ರದ ಹೊಸ ಮನೆಗೆ ಹೋಗಿ ಕಿರಾಣಿ ಅಂಗಡಿ ಹಾಕಿ ಮೊದಲಿಗಿಂತ ದಪ್ಪಗಾದ. ಯಾರೂ ಕೆಟ್ಟುಹೋಗಲಿಲ್ಲ. ಆದರೆ ಅವ್ವ ಆ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಆ ಕಡೆ ಹೋಗುವುದನ್ನೂ ಬಿಟ್ಟಳು. ಮಾವ ಕರೆದರೆ, “ನೀನs ಬಾರಪಾ, ನನಗ ಬಸ್ಸ ಆಗಿ ಬರೂದಿಲ್ಲ” ಅನ್ನುತ್ತಿದ್ದಳು. ಅದೇ ಹೆಂಗಸು ಜಮಖಂಡಿಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬರುತ್ತಿದ್ದಳು! ಮಾವ ಬಂದಾಗ ಹೊಸ್ತಿಲಲ್ಲಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದ. ಅವಳು “ಚಹಾ ಮಾಡಲಿ?” ಅನ್ನುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಅವಳು ಇನ್ನೊಮ್ಮೆಯಾದರೂ ಹಾಗೆ ಕೇಳಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಯಾರ ಕ್ಷೇಮ ಕೇಳಬೇಕು? ನೀರು ಅರಾಮ ಇದೆಯೇ ಎಂದೇ?

ಆ ನೀರಿನ ಮಗ್ಗುಲಿಗೇ ನನಗೆ ನೌಕರಿ ಸಿಕ್ಕಿತು, ಬೀಳಗಿಯ ಒಂದು ಬ್ಯಾಂಕಿನಲ್ಲಿ. ಬನಹಟ್ಟಿಯಿಂದ ದಿನವೂ ಬಸ್ಸು. ನಮ್ಮ ಮ್ಯಾನೇಜರ್ ಸಾಹೇಬರು ಮೈಸೂರಿನ ಕಡೆಯವರು, ಹಿಂದೆ ಕೊಡಗಿನಲ್ಲಿದ್ದವರು. ಅಲ್ಲಿಂದ ಅವರು ತಂದದ್ದು ಒಂದು ಪೆಟ್ಟಿಗೆ ಕಿತ್ತಳೆ, ಒಂದು ತೆಳ್ಳಗಿನ ಉದ್ದನೆಯ ಗಾಳದ ಕೋಲು. ಕಿತ್ತಳೆ ಎರಡು ದಿನದಲ್ಲಿ ಮುಗಿಯಿತು. ಕೋಲು ಕಲಿಯಲೆಂದು ನನ್ನ ಕೈಗೆ ಬಂತು. ಎರೆಹುಳ ಚುಚ್ಚಿ ತೂಕಡಿಸುತ್ತ ಕೂರುವ ಗಾಳವಲ್ಲ ಅದು. ದಾರವನ್ನೇ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ, ಅದರ ತುದಿಯ ಹುಸಿನೊಣವನ್ನು ನಿಜವಾದ ನೊಣ ಇಳಿದ ಹಾಗೆ ನೀರಿನ ಮೇಲೆ ಇಳಿಸಬೇಕು. ಮೀನು ಮೋಸ ಹೋಗಬೇಕು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. “ಹಿಡಿಯೋದು ದೊಡ್ಡದಲ್ಲ ಕಣ್ರೀ, ಬಿಡೋದು ದೊಡ್ಡದು” ಅನ್ನುತ್ತಿದ್ದರು ಸಾಹೇಬರು. ಸಾಲ ವಸೂಲಿಯ ವಿಷಯದಲ್ಲಿ ಮಾತ್ರ ಅವರದು ಈ ಸಿದ್ಧಾಂತವಲ್ಲ.

“ಮೊದಲು ಒಣನೆಲದ ಮೇಲೆ ಕಲೀರಿ. ಕೊಕ್ಕೆ ಬೇಡ, ದಾರದ ಕುಚ್ಚು ಕಟ್ಕೊಳ್ಳಿ” ಎಂದರು. ಮುಧೋಳದ ಕಡೆ ನನ್ನ ಗೆಳೆಯ ಬಸುವಿನದೊಂದು ಕಬ್ಬು ಕಡಿದ ಹೊಲ. ಮುಧೋಳ ನಾಯಿಗಳನ್ನು ಬೆಳೆಸುವ ತಿಮ್ಮಾಪುರ ಹತ್ತಿರವೇ, ಹಾಗಾಗಿ ಮನೆಗೊಂದು ಬೇಟೆನಾಯಿ ಇರುವ ಊರು ಅವನದು. ನಾನು ಕೋಲು ಹಿಡಿದು ಹಿಂದೆ ಮುಂದೆ ಬೀಸಿದೆ. ದಾರ ನನ್ನ ಕಿವಿಗೆ ಸುತ್ತಿಕೊಂಡಿತು. ಮತ್ತೆ ಬೀಸಿದೆ. ಈ ಸಲ ಏನು ಪುಣ್ಯವೋ, ದಾರ ನೆಟ್ಟಗೆ ಹೋಯಿತು, ಕುಚ್ಚು ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಅಷ್ಟರಲ್ಲಿ ಬಸುವಿನ ನಾಯಿ ನೆಲ ಬಿಟ್ಟು ಹಾರಿ ಅದನ್ನು ಬಾಯಲ್ಲಿ ಹಿಡಿದು ಲೋಕಾಪುರದ ರಸ್ತೆಯ ಕಡೆ ಓಡಿಯೇ ಬಿಟ್ಟಿತು. ಕೋಲಿನ ಬುಡದಲ್ಲಿ ದಾರ ಸುತ್ತಿದ್ದ ಗಾಲಿ ಕಿರ್ರನೆ ಕಿರುಚಿತು. ನಾನು ಕೋಲು ಬಿಡದೆ ಹಿಂದೆ ಓಡಿದೆ. “ಬಿಡಬ್ಯಾಡೋ ಮಲ್ಲ್ಯಾ, ದೊಡ್ಡ ಮೀನ ಐತಿ!” ಎಂದು ಬಸು ಬದುವಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ನನ್ನ ಜೀವನದ ಮೊದಲ ಬೇಟೆ ಹೀಗೆ ಬಾಲ ಅಲ್ಲಾಡಿಸುವಂಥದು.

ನಾಯಿಯಿಂದ ಮೀನಿಗೆ ಬಡ್ತಿ ಸಿಗಲು ಬಹಳ ದಿನ ಹಿಡಿಯಿತು. ಭಾನುವಾರವೂ ಬೀಳಗಿ ಬಸ್ಸು ಹತ್ತುವುದು, ಅನಗವಾಡಿಯ ಕಡೆ ಇಳಿದು ಹಿನ್ನೀರಿನ ಅಂಚಿನಲ್ಲಿ ನಡೆಯುವುದು. ಚಳಿಗಾಲದಲ್ಲಿ ಎಲ್ಲಿಂದಲೋ ಬಂದ ಹೆಬ್ಬಾತುಗಳು ಗದ್ದಲ ಮಾಡುತ್ತಿದ್ದವು. ಮಿಂಚುಳ್ಳಿ ಒಂದೇ ಏಟಿಗೆ ಮೀನು ಎತ್ತಿಕೊಂಡು ಹೋಗಿ ಎದುರಿನ ಜಾಲಿಯ ಮೇಲೆ ಕೂತು ನನ್ನನ್ನೇ ನೋಡುತ್ತ ನುಂಗುತ್ತಿತ್ತು. ಅದು ಬೇಕೆಂದೇ ಹಾಗೆ ಮಾಡುತ್ತಿತ್ತು ಎಂಬ ಅನುಮಾನ ನನಗೆ ಈಗಲೂ ಇದೆ. ಬ್ಯಾಂಕಿನ ತಲೆಬಿಸಿ, ಬಸ್ಸಿನ ಧೂಳು, ಎಲ್ಲ ಆ ನೀರಿನ ಮುಂದೆ ಇಳಿದುಹೋಗುತ್ತಿತ್ತು. ಅಲ್ಲಿ ನಿಂತರೆ ನಾನು ಮತ್ತೆ ಅಪ್ಪನ ಕೈಹಿಡಿದ ಹುಡುಗ.

ಸಾಹೇಬರಿಗೆ ವರ್ಗವಾಯಿತು. ಕೋಲು ನನಗೇ ಬಿಟ್ಟುಹೋದರು. ಅವರು ಕೊಟ್ಟ ನೊಣಗಳನ್ನು ಜಾಲಿಮುಳ್ಳುಗಳು ಒಂದೊಂದಾಗಿ ತಿಂದು ಮುಗಿಸಿದವು. ಆಗ ನನಗೆ ಹೊಳೆಯಿತು: ನೇಕಾರರ ಮಗನಿಗೆ ದಾರಕ್ಕೇನು ಬರ? ಅಪ್ಪನ ಹತ್ತಿರ ಹೋಗಿ ತುಂಡು ರೇಷ್ಮೆ ಕೇಳಿದೆ. ಯಾಕೆ ಎಂದು ಕೇಳದೆ ಕೊಟ್ಟ. ಹುಂಜದ ಪುಚ್ಚ ಬಸುವಿನ ಮನೆಯಿಂದ ಬಂತು. ಕೊಕ್ಕೆಗೆ ಸುತ್ತಿ, ಕೊನೆಗೆ ಮಗ್ಗದ ಹಾಸಿನ ಎಳೆ ಕಡಿದಾಗ ಹಾಕುವ ನಮ್ಮ ಮನೆಯ ಗಂಟನ್ನೇ ಹಾಕಿ, ಅದರ ಮೇಲೆ ಹೆಂಡತಿ ಶಾಂತಾಳ ಉಗುರುಬಣ್ಣದ ಒಂದು ಹನಿ. ಒಣಗಲು ಮಗ್ಗದ ಕಂಬಕ್ಕೆ ಚುಚ್ಚಿ ಇಟ್ಟು ಬ್ಯಾಂಕಿಗೆ ಹೋದೆ.

ಸಂಜೆ ಬಂದರೆ ಬಾಗಿಲಲ್ಲಿ ಲಿಂಬೆಹಣ್ಣು, ಮೆಣಸಿನಕಾಯಿ, ಇದ್ದಿಲು. ಒಳಗೆ ಹೊಗೆ. ಅವ್ವ ನಡುಮನೆಯಲ್ಲಿ ತಲೆಗೆ ಸೆರಗು ಬಿಗಿದು ಕೂತಿದ್ದಳು.

“ಮಲ್ಲ್ಯಾ, ಯಾರೋ ಮಾಟಾ ಮಾಡ್ಸ್ಯಾರೋ! ಮಗ್ಗದ ಕಂಬಕ್ಕ ಚುಚ್ಚಿದ್ರು. ಕೆಂಪ ದಾರ, ಕೋಳಿಪುಚ್ಚ, ಮೊಳಿ... ಮ್ಯಾಲ ರಗತದ ಹನಿ!”

ಆ ರಕ್ತ ಉಗುರುಬಣ್ಣವೆಂದು ಗೊತ್ತಿದ್ದ ಶಾಂತಾ ಒಲೆಯ ಕಡೆ ಮುಖ ಮಾಡಿ ನಗು ನುಂಗುತ್ತಿದ್ದಳು. ಅಪ್ಪ ಕುಣಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ನನ್ನ ಮೊದಲ ನೊಣ ಅರಿಶಿನ ಕುಂಕುಮ ಬಳಿಸಿಕೊಂಡು ಆಗಲೇ ಮೂರು ದಾರಿ ಕೂಡುವಲ್ಲಿಗೆ ಹೋಗಿಬಿಟ್ಟಿತ್ತು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆದರೆ ಅವ್ವ ಎದ್ದು ನಿಂತಳು.

“ಬಾಜೂಮನಿ ಗೌರವ್ವಂದs ಇದು. ನಿನ್ನೆ ಹೆಪ್ಪ ಕೇಳಾಕ ಬಂದಾಕಿ ಮಗ್ಗದ ಕಡೆ ಹೊಳ್ಳಿ ಹೊಳ್ಳಿ ನೋಡಿದ್ಳು. ಈಗ ಹೋಗಿ ಕೇಳೇ ಬರ್ತೇನಿ.”

ಇಪ್ಪತ್ತು ವರ್ಷದ ಹೆಪ್ಪಿನ ಸ್ನೇಹ ಮುರಿಯುವುದರಲ್ಲಿತ್ತು. ಶಾಂತಾ ಬಾಗಿಲಿಗೆ ಅಡ್ಡ ನಿಂತಳು. “ಅತ್ತಿ, ಅದು ಮಾಟಾ ಅಲ್ರಿ. ನಿಮ್ಮ ಮಗನ ಕೈಕೆಲಸ ಅದು. ಮೀನಾ ಹಿಡಿಯೂ ನೊಣಾರಿ.”

ಕುಣಿಯಿಂದ ಅಪ್ಪನ ದನಿ ಬಂತು: “ರೇಷ್ಮಿ ನಾನs ಕೊಟ್ಟೇನಿ.”

ಅವ್ವ ನನ್ನನ್ನು ನೋಡಿದಳು. “ಮಾಟಾ ಆಗಿದ್ರ ಛಲೋ ಇತ್ತು” ಎಂದಳು.

ನಾನು ಸಾಹೇಬರ ಸಿದ್ಧಾಂತ ಒಪ್ಪಿಸಿದೆ. ತಿನ್ನುವುದಿಲ್ಲ, ಕೊಲ್ಲುವುದಿಲ್ಲ, ಹಿಡಿದು ಬಿಡುತ್ತೇನೆ ಎಂದೆ. ಅವಳು ಪೂರ್ತಿ ಕೇಳಿದಳು. “ಹೊಟ್ಟಿಗಿಲ್ಲ ಅಂತ ಹಿಡದ್ರ ಅದೊಂದ ಮಾತು. ಬಾಯಿ ಚುಚ್ಚಿ ಮತ್ತ ಬಿಡಾಕ ಹಿಡೀತಿ? ಆಟಕ್ಕ? ಆ ಕೈಲೆ ನನ್ನ ರೊಟ್ಟಿಬುಟ್ಟಿ ಮುಟ್ಟಬ್ಯಾಡ.” ಆಮೇಲೆ ಕೇಳಿದಳು, “ಎಲ್ಲಿ ಹಿಡೀತಿ?”

“ಅನಗವಾಡಿ ಹಿನ್ನೀರಾಗ.”

ಅವಳು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು, ತೊಳೆದಿದ್ದ ಪಾತ್ರೆಗಳನ್ನೇ. ಆ ಸಪ್ಪಳಕ್ಕಿಂತ ಬೈಗುಳವೇ ವಾಸಿಯಾಗಿತ್ತು.

ಮುಂದಿನ ಭಾನುವಾರ ದಂಡೆಯ ಮೇಲೆ ಕೂತು ಯೋಚಿಸಿದೆ. ಅವಳು ಹೇಳಿದ್ದು ಸರಿಯೇ ಇತ್ತು. ಹಾಗೆಂದು ಆ ನೀರಿನ ಸಂಗ ಬಿಡಲು ಮನಸ್ಸೂ ಇರಲಿಲ್ಲ. ಆಗ ಆ ನಾಯಿ ನೆನಪಾಯಿತು. ಕೊಕ್ಕೆಯೇ ಇಲ್ಲದ ಕುಚ್ಚಿಗೆ ಅದೆಷ್ಟು ಖುಷಿಯಿಂದ ಹಾರಿತ್ತು! ಇಕ್ಕಳ ತೆಗೆದು, ಅಂಥದೇ ಇನ್ನೊಂದು ಕಟ್ಟಿ ತಂದಿದ್ದ ನೊಣದ ಕೊಕ್ಕೆಯ ಮೂತಿಯನ್ನು ಕಟಕ್ಕನೆ ಕತ್ತರಿಸಿದೆ. ಬೀಸಿದೆ. ನೊಣ ಇಳಿಯಿತು. ನೀರಿನ ಕೆಳಗಿಂದ ಬೆಳ್ಳಗಿನದೊಂದು ಬಂದು ಗಬಕ್ಕನೆ ಬಾಯಿ ಹಾಕಿತು, ರೇಷ್ಮೆಯ ರುಚಿ ಹಿಡಿಸದೆ ಉಗುಳಿ ಹೋಯಿತು. ಆ ಒಂದು ಜಗ್ಗು ದಾರದುದ್ದಕ್ಕೂ ಹರಿದು ನನ್ನ ಅಂಗೈಗೆ ಬಂತು. ಅಷ್ಟೇ. ಅಷ್ಟರಲ್ಲೇ ನನಗೆ ಹೇಳಲಾರದ ಖುಷಿ.

ಅಲ್ಲಿ ಬಲೆ ಹಾಕುವ ಯಲ್ಲಪ್ಪ ತೆಪ್ಪ ನಿಲ್ಲಿಸಿ ನೋಡುತ್ತಿದ್ದ. “ಸರ, ಹಿಡದ ಮೀನಾ ಬಿಡತೀರಿ ಅಂತ ನಮ್ಮ ಮನ್ಯಾಗ ಮೊದಲs ನಗತಿದ್ರು. ಈಗ ಹಿಡಿಯೂದನ್ನೂ ಬಿಟ್ರೇನ್ರಿ?” ಎಂದ. ಹೌದೆಂದೆ. “ನಿಮ್ಮಂಥವ್ರು ಇನ್ನಷ್ಟ ಮಂದಿ ಬರ್ಲಿ. ಮೀನಾ ಎಲ್ಲಾ ನಮಗs ಉಳೀತಾವು” ಎಂದು ಬೀಡಿ ಹಚ್ಚಿದ.

ಮನೆಗೆ ಬಂದು ಅವ್ವನಿಗೆ ಕೊಕ್ಕೆಯಿಲ್ಲದ ನೊಣ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದಳು.

“ಹಂಗಾರ ದಿನಾಪೂರ್ತಿ ಅಲ್ಲಿ ಹೋಗಿ ಏನ ಮಾಡ್ತಿ?”

“ಏನೂ ಇಲ್ಲ.”

ಅಪ್ಪ ಕುಣಿಯೊಳಗೆ ಕಿಸಕ್ಕನೆ ನಕ್ಕ. ಅವ್ವ ನಗಲಿಲ್ಲ. “ನಂಬೂದ ಹೆಂಗ?” ಎಂದಳು. “ಬಂದ ನೋಡವಾ” ಎಂದೆ. ಮುಖ ತಿರುಗಿಸಿದಳು. ರೊಟ್ಟಿಬುಟ್ಟಿಯ ಪ್ರತಿಬಂಧ ಹಾಗೇ ಉಳಿಯಿತು.

ಎಳ್ಳಮಾಸೆ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಬೆಳೆದು ನಿಂತ ಪೈರಿನ ಭೂಮಿತಾಯಿ ಬಸುರಿ, ಆಕೆಗೆ ಬಯಕೆ ತೀರಿಸಬೇಕು. ಕಡಬು, ಹೋಳಿಗೆ, ವಡೆ, ಪಲ್ಯ ಕಲಸಿ ಹೊಲಕ್ಕೆಲ್ಲ ಚೆಲ್ಲುವುದು, ಅದೇ ಚರಗ. ಹೊಲವಿಲ್ಲದ ನಮ್ಮ ಓಣಿಯವರು ಗುರುತಿನವರ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅವ್ವ ಅಡುಗೆ ಮಾಡಿ ನಮ್ಮನ್ನು ಕಳಿಸುತ್ತಿದ್ದಳು, ತಾನು ಬರುತ್ತಿರಲಿಲ್ಲ. ಆ ವರ್ಷ ಬೆಳಿಗ್ಗೆ ಕಡಬು ಕಟ್ಟುತ್ತ ಕೂತಿದ್ದಾಗ ಶಾಂತಾ ಸುಮ್ಮನೆ ಮಾತಿಗೆ ಕೇಳಿದಳು, “ಅತ್ತಿ, ಮೊದಲ ನಿಮ್ಮ ತವರ ಹೊಲದಾಗ ಚರಗಾ ಚಲ್ಲತಿದ್ರೆಲ್ಲ, ಈಗ ಅದಕ್ಕ ಯಾರ ಚಲ್ಲತಾರ್ರಿ?”

“ನೀರಾಗಿನ ಹೊಲಕ್ಕ ಯಾರ ಚಲ್ಲತಾರ ತಂಗಿ...” ಅಂದವಳ ಕೈ ಹಿಟ್ಟಿನ ಮೇಲೆ ನಿಂತಿತು.  ಆಮೇಲೆ ತನಗೇ ಹೇಳಿಕೊಂಡಳು, “ಇಷ್ಟ ವರ್ಷ ಆತು. ಹಸದಿರ್ಬೇಕಲ್ಲ ಅದು.”

ಕಡಬಿನ ಬೋಗುಣಿ ಎತ್ತಿಕೊಂಡು ನನ್ನ ಕಡೆ ತಿರುಗಿದಳು: “ಬೀಳಗಿ ಬಸ್ಸ ಯಾವಾಗೈತಿ?”

ಅಮಾವಾಸ್ಯೆ, ಮಗ್ಗ ಬಂದ್, ಹಾಗಾಗಿ ಅಪ್ಪನಿಗೂ ನೆಪ ಹೇಳಲು ದಾರಿಯಿರಲಿಲ್ಲ. ನಾಲ್ವರೂ ಹೊರಟೆವು, ನನ್ನ ಹೆಗಲಿಗೆ ಗಾಳದ ಕೋಲು. ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ನೋಡಲೇ ಇಲ್ಲ, ಬುತ್ತಿಯ ಗಂಟನ್ನೇ ನೋಡುತ್ತ ಕೂತಳು. ನನಗೆ ಒಳಗೊಳಗೇ ಭಯ. ನೀರು ನೋಡಿ ಅತ್ತರೆ? ಇನ್ನೆಂದೂ ಈ ಕಡೆ ಬರುವುದಿಲ್ಲ ಎಂದರೆ? ದಂಡೆಗೆ ಬಂದಾಗ ಅವಳು ಅಳಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಎದುರಿನ ಗುಡ್ಡ ನೋಡಿದಳು. “ಆ ಗುಡ್ಡದ ಮೂಗ ಐತೆಲ್ಲ, ಅದರ ನೇರಕ್ಕ ಬಾವಿ. ಈ ಕಡೆ ಬನ್ನಿಗಿಡಾ.” ನಾನು ವರ್ಷಗಟ್ಟಲೆ ನೊಣ ಬೀಸುತ್ತಿದ್ದದ್ದು ಅವಳ ಬದುವಿನ ಮೇಲೆಯೇ ನಿಂತು!

ಯಲ್ಲಪ್ಪ ತೆಪ್ಪ ತಂದ. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. “ಬುತ್ತಿ ಕಾಯಾಕ ಒಬ್ರು ಬೇಕಲ್ಲ” ಎಂದು ದಂಡೆಯ ಮೇಲೆ ಕೂತ. ಕುಣಿಯಲ್ಲಿ ಕಾಲು ಬಿಡುವವನಿಗೆ ನೀರಿನಲ್ಲಿ ಕಾಲು ಬಿಡಲು ಭಯ. ನಾವು ಮೂವರು ಹೊರಟೆವು. ಗುಡ್ಡದ ಮೂಗಿನ ನೇರಕ್ಕೆ ಬಂದಾಗ ಅವ್ವ, “ನಿಲ್ಸೋ ತಮ್ಮಾ” ಎಂದಳು. ಕಡಬು ಮುರಿದು ಪಲ್ಯ ಕಲಸಿ, ಬಲಗೈಯಿಂದ ಬೀಸಿ ಚೆಲ್ಲಿದಳು. “ಹುಲ್ಲುಲ್ಲಿಗ್ಯೋ...” ಎಂದು ಚರಗದ ಕೂಗು ಹಾಕಿದಳು.   ಚರಗ ಚೆಲ್ಲುವವರ ಹಿಂದೆ ಒಬ್ಬರು ಕೂಗು ಕೊಡುತ್ತ ನೀರು ಚಿಮುಕಿಸಬೇಕು. ನೀರಿನ ಕೊರತೆಯಂತೂ ಇರಲಿಲ್ಲ. ಕೂಗು ದಂಡೆಯಿಂದ ಬಂತು. ಅಪ್ಪ ಎದ್ದು ನಿಂತು, ಬಾಯಿಗೆ ಎರಡೂ ಕೈ ಹಚ್ಚಿ, ಹೊಳೆ ತುಂಬುವ ಹಾಗೆ ಕೂಗುತ್ತಿದ್ದ.

ಚೆಲ್ಲಿದ ಕಡಬಿನ ಸುತ್ತ ನೀರು ಅಲುಗಿತು. ಒಂದು ಉಂಗುರ. ಮೂರು. ಆಮೇಲೆ ಕುದಿಯುವ ಎಸರಿನಂತೆ ಮೀನುಗಳು. ಬೆರಳುದ್ದದವು, ಮೊಳದುದ್ದದವು, ಒಂದರ ಮೇಲೊಂದು ಬಿದ್ದು ತಿಂದವು. ಅವ್ವ ತೆಪ್ಪದ ಅಂಚಿಗೆ ಬಾಗಿದಳು. “ಅಯ್ಯ ಶಿವನ! ಹೊಲದಾಗ ಎಷ್ಟ ಮಂದಿ ಅದಾರೋ!” ಎಂದು ಕೂಸಿನ ಹಾಗೆ ನಕ್ಕಳು. ಕಣ್ಣಲ್ಲಿ ನೀರೂ ಇತ್ತು. ನನಗೂ.

“ಎಲ್ಲಿ ನಿನ್ನ ನೊಣಾ? ಒಗಿ ನೋಡೂನು.”

ಒಗೆದೆ. ಒಂದು ಬಂದು ಕಚ್ಚಿತು, ಉಗುಳಿತು, ಹೋಯಿತು. “ಮ್ಯಾಲ ಬಂದು ಮಾತಾಡ್ಸಿ ಹೋತಲ್ಲೋ” ಎಂದಳು. ಆಮೇಲೆ ತಾನೂ ಕೋಲು ಕೇಳಿದಳು. ಜೋರಾಗಿ ಬೀಸಿದಳು. ದಾರ ನೇರ ಹೋಗಿ ಯಲ್ಲಪ್ಪನ ರುಮಾಲಿಗೆ ಸುತ್ತಿ, ಅದನ್ನು ಎತ್ತಿಕೊಂಡು ನೀರಿಗೆ ಬಿತ್ತು. ಇಕ್ಕಳದ ಒಳ್ಳೆಯತನ ಅಂದು ಯಲ್ಲಪ್ಪನಿಗೆ ಅರ್ಥವಾಯಿತು, ಕೊಕ್ಕೆಗೆ ಮೂತಿಯಿಲ್ಲದ್ದರಿಂದ ಕಿವಿ ಉಳಿದಿತ್ತು. ರುಮಾಲು ಹಿಂಡುತ್ತ, “ಯವ್ವಾ, ನಾ ಬಲಿ ಹಾಕ್ತೇನಿ ನಿಮ್ಮ ಹೊಲದಾಗ, ಸಿಟ್ಟಿಲ್ಲಲ್ರೀ?” ಎಂದ. “ನಿನ್ನ ಹೊಟ್ಟಿ ಅಲ್ಲೇನೋ ತಮ್ಮಾ. ಹೊಲಾ ಇರೂದs ಅದಕ್ಕ” ಎಂದಳು ಅವ್ವ.

ಆ ಸಂಜೆ ಅವಳೇ ನನ್ನ ಕೈಗೆ ರೊಟ್ಟಿಬುಟ್ಟಿ ಕೊಟ್ಟಳು. ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ನೊಣವನ್ನು ಬಿಚ್ಚಿ, ತೊಳೆದು ಒರೆಸಿ, ಜಗುಲಿಯ ಮೇಲೆ ಇಟ್ಟಳು. ಶಾಂತಾ ಕಣ್ಣರಳಿಸಿದಳು. “ಹೊಲದಿಂದ ಮೊದಲ ಬಂದದ್ದು ದೇವರ ಮುಂದ ಇಡೂ ಪದ್ಧತಿ ನಮ್ಮದು. ಈಗ ಆ ಹೊಲದಾಗಿಂದ ಬಂದದ್ದು ಇದs” ಎಂದಳು ಅವ್ವ, ತೆನೆಯ ವಿಷಯ ಹೇಳುವಷ್ಟೇ ಸಹಜವಾಗಿ.

ಮುಂದಿನ ಭಾನುವಾರ ನಾನು ಎಂದಿನಂತೆ ಹೋಗಿ, ಎಂದಿನಂತೆ ಬರಿಗೈಯಲ್ಲಿ ಬಂದೆ. ಮೈಯೆಲ್ಲ ಬಸ್ಸಿನ ಧೂಳು, ಕಾಲಿಗೆ ಹಿನ್ನೀರಿನ ಕರಿಮಣ್ಣು. ಅವ್ವ ಹೊಸ್ತಿಲಿಗೆ ಬಂದು ನನ್ನ ಕಾಲಿನ ಮಣ್ಣು ನೋಡಿದಳು. ಕಾಲು ತೊಳಿ ಅನ್ನಲಿಲ್ಲ. ಚಹಾ ಮಾಡಲಿ ಅನ್ನಲಿಲ್ಲ.

“ಹೊಲದಾಗ ಎಲ್ಲಾರೂ ಅರಾಮ ಅದಾರೇನ?” ಎಂದಳು.

ನಾನು ಹೆಗಲ ಚೀಲವನ್ನೂ ಇಳಿಸದೆ ಅಲ್ಲೇ ನಿಂತೆ. “ಎಲ್ಲಾರೂ ಅರಾಮ ಅದಾರವಾ. ಮುಂದಿನ ಕಡಬು ಯಾವಾಗ ಅಂತ ಕೇಳಿದ್ರು.”